ನಿಲಯದ ಗಡಿಯಾರ, ಕೇಳುಗನ ಹೊತ್ತು

ಅಥಣಿ ತಾಲೂಕಿನ ಸತ್ತಿ ಕೃಷ್ಣೆಯ ದಂಡೆಯ ಮೇಲಿನ ಊರು. ಸಂಜೆ ಹೊಲದಿಂದ ಮರಳಿ ರೇಡಿಯೋದ ಕಿವಿ ತಿರುವಿದವರಿಗೆ ಅಲ್ಲಿ ಎರಡು ದನಿಗಳು ದೊರೆಯುತ್ತಿದ್ದುವು: ಒಂದು ಧಾರವಾಡದ ಕನ್ನಡ, ಇನ್ನೊಂದು 1963ರಲ್ಲಿ ಆರಂಭವಾದ ಸಾಂಗಲಿ ನಿಲಯದ ಮರಾಠಿ. ಹಾದಿಯ ಲೆಕ್ಕದಲ್ಲಿ ಸಾಂಗಲಿ ಹತ್ತಿರ. ನಾಲಗೆಯ ಲೆಕ್ಕದಲ್ಲಿ ಧಾರವಾಡ. ಅರಿಸಿನದ ದೊಡ್ಡ ಪೇಟೆ ಸಾಂಗಲಿಯಲ್ಲಿ, ಮಕ್ಕಳ ಕಾಲೇಜು ಧಾರವಾಡದಲ್ಲಿ. ಆದುದರಿಂದ ಗಡಿಯ ಒಕ್ಕಲಿಗನು ಎರಡನ್ನೂ ಜಗಳವಿಲ್ಲದೆ ಕೇಳಿದನು. ಆದರೆ ಯಾವ ಹೊತ್ತಿಗೆ ಯಾವುದನ್ನು ಕೇಳಿಸಬೇಕೆಂಬ ನಿರ್ಣಯ ಅವನ ಕೈಯಲ್ಲಿರಲಿಲ್ಲ. ಬಾನುಲಿಯ ಇತಿಹಾಸದಲ್ಲಿ ಕುತೂಹಲಕರವಾದ ಭಾಗ ಇದೇ ಎಂದು ನನಗೆ ತೋರುತ್ತದೆ.

ಕನ್ನಡ ನಾಡಿನಲ್ಲಿ ಈ ವಿದ್ಯೆ ಮೊದಲಾದುದು ಸರಕಾರದಿಂದಲ್ಲ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು; 'ಆಕಾಶವಾಣಿ' ಎಂಬ ಹೆಸರು ಪ್ರಸಿದ್ಧಿಗೆ ಬಂದುದು ಆ ಪುಟ್ಟ ನಿಲಯದಿಂದ. ನಮ್ಮ ಕಡೆಗೆ ಆ ಭಾಗ್ಯ ಬಂದದ್ದು 1950ರ ಜನವರಿ 8ರಂದು, ಧಾರವಾಡ ನಿಲಯದ ರೂಪದಲ್ಲಿ. ಆಗ ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದುವು. ಕಚೇರಿ ಕಾಗದ ಪರಭಾಷೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಗೋಡೆಯ ಮೇಲಿನ ಪೆಟ್ಟಿಗೆಯೊಂದು ನಮ್ಮ ಮಾತನಾಡಿದುದು ಸಣ್ಣ ಸಂಗತಿಯೇ? ನಾಟಕಕಾರ ಎನ್ಕೆ ಕುಲಕರ್ಣಿಯವರು ಆ ನಿಲಯದಲ್ಲಿ ದುಡಿದರು. ಮಲ್ಲಿಕಾರ್ಜುನ ಮನಸೂರರು ಅದರ ಸಂಗೀತ ಸಲಹೆಗಾರರಾಗಿದ್ದರು. ಇಂಥವರಿದ್ದೂ ನಿಲಯದ ಗಡಿಯಾರ ಮಾತ್ರ ದಿಲ್ಲಿಯದಾಗಿತ್ತು.

ಹಾರ್ಮೋನಿಯಮ್ಮಿನ ಕಥೆಯನ್ನೇ ನೋಡಿರಿ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಆ ವಾದ್ಯವನ್ನು ತನ್ನ ನಿಲಯಗಳಿಂದ ಹೊರಗಟ್ಟಿತು. ಅದರ ಸ್ವರಗಳು ಕಟ್ಟಿಟ್ಟ ಸ್ವರಗಳು, ಮೀಂಡ್ ಅದಕ್ಕೆ ಒಲಿಯದು, ನಮ್ಮ ಸಂಗೀತದ ಶ್ರುತಿಭೇದಗಳನ್ನು ಅದು ಕೆಡಿಸುತ್ತದೆ ಎಂಬುದು ವಾದ. ಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನಮ್ಮ ಸೀಮೆಯ ಕಿವಿ ಪಳಗಿದುದೇ ಕಂಪನಿ ನಾಟಕದ ಕಾಲುಪೆಟ್ಟಿಗೆಯ ದನಿಯಲ್ಲಿ! ಸ್ವತಃ ಮನಸೂರರೂ ಬಾಲ್ಯದಲ್ಲಿ ನಾಟಕದ ಕಂಪನಿಯಲ್ಲಿ ಬೆಳೆದವರು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಮೂವತ್ತು ವರ್ಷ ಮೀರಿ, ಹಳ್ಳಿಯ ಭಜನಾ ಮಂದಿರದಲ್ಲಿ ನಿತ್ಯ ಕೇಳುತ್ತಿದ್ದ ವಾದ್ಯ ನಿಲಯದಲ್ಲಿ ಅಸ್ಪೃಶ್ಯವಾಗಿತ್ತು.

ವಾದ್ಯದ ತೊಡಕು ಹಾಗಿರಲಿ, ಹೊತ್ತಿನ ತೊಡಕು ಇನ್ನೂ ದೊಡ್ಡದು. ಕುಲಗೋಡ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ' ಗೋಕಾಕ, ಅಥಣಿ, ರಾಯಬಾಗ, ಜಮಖಂಡಿ ಸೀಮೆಗಳ ಪ್ರಾಣ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದನ್ನು ಆಡಿ ಮನೆಮಾತಾದಳು. ರಾತ್ರಿ ಊಟವಾದ ಮೇಲೆ ಮೊದಲಾಗಿ ಬೆಳಕು ಹರಿಯುವವರೆಗೂ ನಡೆಯುವ ಆಟ ಅದು. ಮುಂದೆ ಕುಳಿತವರು ತಲೆದೂಗಿದರೆ ಪದ ಮತ್ತೊಮ್ಮೆ ಬರುತ್ತದೆ. ತೂಕಡಿಸಿದರೆ ಹಾಸ್ಯ ನುಗ್ಗುತ್ತದೆ. ಇದನ್ನು ಕೆಂಪು ದೀಪದ ಕೆಳಗೆ ಅರ್ಧ ತಾಸಿಗೆ ಇಳಿಸಿದಾಗ ಉಳಿಯುವುದು ಹಾಡುಗಳು ಮಾತ್ರ, ತಲೆದೂಗುವವನು ಕಾಣಿಸುವುದಿಲ್ಲ. ಬಾನುಲಿ ಜಾನಪದವನ್ನು ಉಳಿಸಿತೆಂಬ ಮಾತು ನಿಜವೇ. ಕತ್ತರಿಸಿ ಉಳಿಸಿತೆಂಬುದೂ ಅಷ್ಟೇ ನಿಜ.

ಕೇಳುಗನೇನೂ ಸುಮ್ಮನೆ ಕುಳಿತವನಲ್ಲ. ಕೇಸ್ಕರರು ಮಂತ್ರಿಗಳಾಗಿದ್ದಾಗ, 1952ರ ಸುಮಾರಿಗೆ, ಚಿತ್ರಗೀತೆಗಳು ಆಕಾಶವಾಣಿಯಿಂದ ಬಹುಮಟ್ಟಿಗೆ ಕಣ್ಮರೆಯಾದುವು. ದೇಶದ ಕಿವಿ ಸಮುದ್ರ ಹಾರಿ ರೇಡಿಯೋ ಸಿಲೋನಿಗೆ ಹೋಯಿತು. ಹೋದವರನ್ನು ಕರೆತರಲೆಂದೇ 1957ರ ಅಕ್ಟೋಬರ್ 3ರಂದು 'ವಿವಿಧ ಭಾರತಿ' ಹುಟ್ಟಿತೆನ್ನಬೇಕು.

ಆದರೆ ಮುಳ್ಳು ತಿರುಗಿಸಿ ಹೋಗುವುದಷ್ಟೇ ಕೇಳುಗನ ಉತ್ತರವಾಗಬೇಕೆ? ನಮ್ಮ ನೆರೆಯಲ್ಲಿಯೇ ಬೇರೊಂದು ಪ್ರಯೋಗ ನಡೆದಿತ್ತು. 1956ರಲ್ಲಿ ಯುನೆಸ್ಕೋದ ನೆರವಿನಿಂದ ಪುಣೆ ನಿಲಯವು ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಶ್ರೋತೃಮಂಡಲಗಳನ್ನು ಏರ್ಪಡಿಸಿತು. ಅವುಗಳಲ್ಲಿ ನಿಪ್ಪಾಣಿಗೆ ಹೊಂದಿಕೊಂಡ ಕೊಲ್ಹಾಪುರ ಜಿಲ್ಲೆಯೂ ಒಂದು. ವಾರಕ್ಕೆ ಎರಡು ಸಲ, ಒಟ್ಟು 20 ಕಾರ್ಯಕ್ರಮಗಳು. ಇಪ್ಪತ್ತರಷ್ಟು ಮಂದಿ ಕೂಡಿ ಕೇಳುವುದು, ಕೇಳಿದ ಮೇಲೆ ಚರ್ಚಿಸುವುದು, ಸಂದೇಹಗಳನ್ನು ಬರೆದು ನಿಲಯಕ್ಕೆ ಕಳಿಸುವುದು, ಮುಂದಿನ ಪ್ರಸಾರದಲ್ಲಿ ಉತ್ತರ ಪಡೆಯುವುದು: ಇದೇ ಕ್ರಮ. ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಪರವಾಗಿ ಪಾಲ್ ನ್ಯೂರಾತ್ ಎಂಬ ವಿದ್ವಾಂಸರು ಪರೀಕ್ಷಿಸಿ ನೋಡಿದಾಗ, ಬರಿಯ ರೇಡಿಯೋ ಇದ್ದ ಊರುಗಳಿಗಿಂತ ಮಂಡಲಗಳಿದ್ದ ಊರುಗಳಲ್ಲಿ ತಿಳಿವಳಿಕೆ ಬಹಳ ಹೆಚ್ಚಿದ್ದುದು ಕಂಡಿತು. ಪೆಟ್ಟಿಗೆ ಎರಡೂ ಕಡೆ ಒಂದೇ. ಮರುಮಾತಿಗೆ ದಾರಿ ಇದ್ದುದು ಒಂದು ಕಡೆ ಮಾತ್ರ. 1959ರಲ್ಲಿ ಈ ಯೋಜನೆ ದೇಶಕ್ಕೆಲ್ಲ ಹಬ್ಬಿತು, ಕ್ರಮೇಣ ಸೊರಗಿತು.

ಇಂದಿನ ಖಾಸಗಿ ಎಫ್.ಎಂ. ನಿಲಯಗಳ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ 2001ರಲ್ಲಿ ಮೊದಲಾದ ಆ ಹರಟೆ ನಗರದ ವಾಹನಸಂದಣಿಗಾಗಿ ಹುಟ್ಟಿದುದು. ಸತ್ತಿಯ ಕಬ್ಬಿನ ಗದ್ದೆಗೆ ಅದರ ಹಂಗಿಲ್ಲ. ಸತ್ತಿಗೆ ಬೇಕಾದುದು ಏನೆಂಬುದನ್ನು 2019ರ ಆಗಸ್ಟು ತೋರಿಸಿತು. ಅಂದು ಕೃಷ್ಣೆ ಉಕ್ಕಿ ಅಥಣಿ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ದಂಡೆಯ ಹಳ್ಳಿಗಳು ನೀರಾದುವು. ಮೇಲೆ ಕೊಯ್ನೆಯಿಂದ ಎಷ್ಟು ನೀರು ಬಿಟ್ಟರು, ಕೆಳಗೆ ಆಲಮಟ್ಟಿಯಿಂದ ಎಷ್ಟು ಹೊರಹೋಯಿತು ಎಂಬ ಎರಡು ಅಂಕಿಗಳ ಮೇಲೆ ದನಕರುಗಳ ಜೀವ ನಿಂತಿರುತ್ತದೆ. ಬೆಂಗಳೂರಿನ ಸುದ್ದಿಯಲ್ಲಿ ಅದು ಒಂದು ಸಾಲು.

ಸಮುದಾಯ ಬಾನುಲಿಗೆ 2006ರ ನೀತಿ ಬಾಗಿಲು ತೆರೆದಿದೆ. ವಿದ್ಯಾಸಂಸ್ಥೆಗಳು, ಕೃಷಿ ವಿಜ್ಞಾನ ಕೇಂದ್ರಗಳು, ನೋಂದಾಯಿತ ಸೇವಾಸಂಸ್ಥೆಗಳು ಪರವಾನಗಿ ಕೇಳಬಹುದು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರೊಡಗೂಡಿ ಸಿದ್ಧವಾಗಬೇಕು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ 'ವೇಣುಧ್ವನಿ' ಇದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯದ ನಿಲಯವಿದೆ. ನೂರು ವ್ಯಾಟಿನ ಆ ದನಿಗಳು ಕೃಷ್ಣಾತೀರಕ್ಕೆ ಮುಟ್ಟಲಾರವು. ಇಂಥ ನಿಲಯಗಳಿಗೆ ಸ್ವಂತ ಸುದ್ದಿ ಬಿತ್ತರಿಸುವ ಹಕ್ಕಿಲ್ಲ. ನೆರೆ, ಹವೆಗಳ ಸೂಚನೆಗಳಿಗೆ ಆ ಕಟ್ಟು ಇಲ್ಲ.

ಅಥಣಿಯ ಕಾಲೇಜೊಂದು ಮನಸ್ಸು ಮಾಡಿ ಅಂಥದೊಂದನ್ನು ಕಟ್ಟಿತೆನ್ನೋಣ. ಮಳೆಗಾಲದ ಬೆಳಗಿನಲ್ಲಿ ಮೊದಲು ನದಿಯ ಮಟ್ಟ, ಆಮೇಲೆ ಸಾಂಗಲಿಯ ಅರಿಸಿನದ ದರ, ಚಿತ್ರಗೀತೆ ಅನಂತರ. ಶಿವರಾತ್ರಿಯ ಜಾಗರಣೆಗೆ ಪಾರಿಜಾತವನ್ನು ಹತ್ತು ಗಂಟೆಗೆ ಹಚ್ಚಿ, ಪೆಟ್ಟಿಗೆಯ ದನಿಯೊಡನೆ, ಕೋಳಿ ಕೂಗುವವರೆಗೂ ಬಿಡಬಹುದು. ದಿಲ್ಲಿಯ ವಾರ್ತೆಗೆ ಜಾಗ ತೆರವು ಮಾಡುವ ಅವಸರ ಆ ನಿಲಯಕ್ಕಿರುವುದಿಲ್ಲ.