ಕಲ್ಲು ಹೊತ್ತವರ ಊರು ಕಾರ್ತಹೇನಾ

ತಲೆಯ ಮೇಲೆ ಹಣ್ಣಿನ ಬೋಗುಣಿ, ಮೈಮೇಲೆ ಕಡುಬಣ್ಣದ ನೆರಿಗೆಯ ಲಂಗ. ಕೊಲಂಬಿಯಾದ ಕರಾವಳಿ ನಗರ ಕಾರ್ತಹೇನಾದ ಚೌಕಗಳಲ್ಲಿ ಪ್ರವಾಸಿಗರು ಮೊದಲು ಕ್ಯಾಮೆರಾ ತಿರುಗಿಸುವುದು ಈ ಪಾಲೆಂಕೇರಾ ಹೆಂಗಸರ ಕಡೆಗೆ. ಅವರು ಮಾರುವ ‘ಅಲೆಗ್ರಿಯಾ’ ಎಂಬ ಉಂಡೆಯಲ್ಲಿ ಅರಳಿಸಿದ ಕಿರುಧಾನ್ಯ, ತೆಂಗಿನ ತುರಿ, ಸೋಂಪು ಎಲ್ಲವೂ ಬೆಲ್ಲದ ಪಾಕದಲ್ಲಿ ಬೆರೆತಿರುತ್ತವೆ. ಅಲೆಗ್ರಿಯಾ ಎಂದರೆ ಸಂತೋಷ. ಆ ಸಂತೋಷದ ಹಿಂದಿನ ಕಥೆ ಗೊತ್ತಾದರೆ ಊರು ಬೇರೆಯಾಗಿಯೇ ಕಾಣುತ್ತದೆ.

1533ರಲ್ಲಿ ಪೆದ್ರೊ ದೆ ಎರೆದಿಯಾ ಇಲ್ಲಿ ಸ್ಪೇನಿನ ನೆಲೆ ಸ್ಥಾಪಿಸಿದ. ಆಳವಾದ, ಅಲೆಗಳ ಹೊಡೆತವಿಲ್ಲದ ಕೊಲ್ಲಿ ಇದ್ದುದರಿಂದ ದಕ್ಷಿಣ ಅಮೆರಿಕದ ಚಿನ್ನ, ಬೆಳ್ಳಿ ಇಲ್ಲಿಂದಲೇ ಹಡಗು ಏರತೊಡಗಿತು. ಸಂಪತ್ತಿನ ವಾಸನೆ ದರೋಡೆಕೋರರಿಗೂ ತಲುಪಿತು. 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಊರನ್ನು ವಶಪಡಿಸಿಕೊಂಡು, ಭಾರೀ ಹಣ ಕಿತ್ತುಕೊಂಡೇ ಹೊರಟ. ಆಮೇಲೆ ಎದ್ದದ್ದು ಸುಮಾರು 11 ಕಿ.ಮೀ. ಉದ್ದದ ಕೋಟೆಗೋಡೆ.

ಆ ಗೋಡೆ ಕಟ್ಟಿದ ಶ್ರಮ ಸಾರ್ಥಕವಾದದ್ದು 1741ರಲ್ಲಿ. ಬ್ರಿಟಿಷ್ ಅಡ್ಮಿರಲ್ ವರ್ನನ್ ದೊಡ್ಡ ನೌಕಾಪಡೆಯೊಂದಿಗೆ ಮುತ್ತಿಗೆ ಹಾಕಿದಾಗ, ಹಿಂದಿನ ಯುದ್ಧಗಳಲ್ಲಿ ಒಂದು ಕಾಲು, ಒಂದು ಕಣ್ಣು, ಒಂದು ಕೈಯ ಬಲ ಕಳೆದುಕೊಂಡಿದ್ದ ಸ್ಪೇನಿನ ಸೇನಾನಿ ಬ್ಲಾಸ್ ದೆ ಲೆಸೊ ರಕ್ಷಣೆಗೆ ನಿಂತ. ಗೆದ್ದೇ ಬಿಟ್ಟೆವೆಂದು ಇಂಗ್ಲೆಂಡಿನಲ್ಲಿ ಪದಕಗಳನ್ನೂ ಅಚ್ಚು ಹಾಕಿಸಿದ್ದರು. ಆದರೆ ಊರಿನ ಸಾನ್ ಫೆಲಿಪೆ ಕೋಟೆಯ ಪ್ರತಿರೋಧ ಮತ್ತು ಹಳದಿ ಜ್ವರ ಸೇರಿ ವರ್ನನ್‌ನನ್ನು ಬರಿಗೈಯಲ್ಲಿ ಹಿಂದಕ್ಕಟ್ಟಿದವು. ಆ ಕೋಟೆಯ ಇಕ್ಕಟ್ಟಾದ ಸುರಂಗಗಳಲ್ಲಿ ಇಂದು ಬಗ್ಗಿ ನಡೆದು ನೋಡಬಹುದು.

ಕೋಟೆಗಾಗಿ ದುಡಿದ ಕೈಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದವರ ಕೈಗಳೂ ಇದ್ದವು. ಗಡಿಯಾರ ಗೋಪುರದ ಬಾಗಿಲು ದಾಟಿದರೆ ಸಿಗುವ ಕೋಚೆಸ್ ಚೌಕದಲ್ಲಿ ಒಂದು ಕಾಲಕ್ಕೆ ಮನುಷ್ಯರ ಮಾರಾಟ ನಡೆಯುತ್ತಿತ್ತು. ಬಂದಿಳಿದ ಗುಲಾಮರಿಗೆ ನೀರು, ಆಹಾರ, ಔಷಧಿ ಹಿಡಿದು ಓಡುತ್ತಿದ್ದ ಜೆಸ್ವಿಟ್ ಪಾದ್ರಿ ಪೆದ್ರೊ ಕ್ಲಾವೆರ್ ಹೆಸರಿನ ಚರ್ಚು ಹತ್ತಿರದಲ್ಲೇ ಇದೆ. ಗುಲಾಮಗಿರಿಯನ್ನು ಧಿಕ್ಕರಿಸಿ ತಪ್ಪಿಸಿಕೊಂಡವರಿಗೆ ಬೆಂಕೋಸ್ ಬಿಯೋಹೊ ನಾಯಕನಾದ. 1621ರಲ್ಲಿ ಅವನನ್ನು ಕೊಂದರೂ ಆ ಹೋರಾಟ ಸಾಯಲಿಲ್ಲ. ಸುಮಾರು 50 ಕಿ.ಮೀ. ದೂರದ ಸಾನ್ ಬಸೀಲಿಯೊ ದೆ ಪಾಲೆಂಕೆ ಎಂಬ ಹಳ್ಳಿ ಅವರ ಸ್ವತಂತ್ರ ನೆಲೆಯಾಯಿತು. ಅಲ್ಲಿನ ಜನ ಇಂದಿಗೂ ಸ್ಪ್ಯಾನಿಷ್ ಮತ್ತು ಆಫ್ರಿಕನ್ ನುಡಿಗಳು ಬೆರೆತ ತಮ್ಮದೇ ಭಾಷೆ ಆಡುತ್ತಾರೆ. ಉಂಡೆ ಮಾರುವ ಹೆಂಗಸರ ತವರು ಇದೇ.

1811ರ ನವೆಂಬರ್ 11ರಂದು ನಗರ ಸ್ವಾತಂತ್ರ್ಯ ಘೋಷಿಸಿತು. 1815ರಲ್ಲಿ ಸ್ಪೇನಿನ ಮುತ್ತಿಗೆಯಲ್ಲಿ ಸಾವಿರಾರು ಜನ ಹಸಿವಿನಿಂದ, ರೋಗದಿಂದ ಸತ್ತರು. ‘ವೀರ ನಗರ’ ಎಂಬ ಬಿರುದು ಆ ತ್ಯಾಗದಿಂದ ಬಂದದ್ದು. 1984ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲೇ ಪತ್ರಕರ್ತನಾಗಿ ದುಡಿದ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರ ಚಿತಾಭಸ್ಮ ಮೆರ್ಸೆದ್ ಮಠದ ಅಂಗಳದಲ್ಲಿದೆ.

ಭೇಟಿಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮಳೆ ಕಡಿಮೆ, ಗಾಳಿ ಹಿತ. ಹಗಲು ಹೆತ್ಸೆಮನಿ ಬಡಾವಣೆಯ ಗೋಡೆಚಿತ್ರಗಳ ಓಣಿಗಳನ್ನು ಸುತ್ತಿ, ಸಂಜೆ ಕೋಟೆಗೋಡೆ ಏರಿ. ಸಮುದ್ರಕ್ಕೆ ಸೂರ್ಯ ಇಳಿಯುವಾಗ ಎಲ್ಲರ ಕಣ್ಣು ಆ ಕಡೆಗೇ. ಒಂದು ಕ್ಷಣ ಕೆಳಗೂ ನೋಡಿ, ಗೋಡೆಯ ಮೇಲೆ ಕೈಯಿಡಿ. ಕಲ್ಲಿನಲ್ಲಿ ಹವಳದ ಸಣ್ಣ ಸಣ್ಣ ತೂತುಗಳು ಬೆರಳಿಗೆ ಸಿಗುತ್ತವೆ. ಅದನ್ನು ಹೊತ್ತವರ ಹೆಸರು ಯಾವ ಫಲಕದಲ್ಲೂ ಸಿಗದಿರಬಹುದು. ಆದರೆ ಅವರ ವಂಶದ ನುಡಿ, ಕೆಳಗಿನ ಬೀದಿಯಲ್ಲಿ ಉಂಡೆ ಮಾರುವವರ ಬಾಯಲ್ಲಿ, ಇನ್ನೂ ಕೇಳುತ್ತಿದೆ.