‘ಗಾಡೀ ಗೇಲೀ ಕಾ?’ ಅಂದ್ರ ಗೇಲಿ ಅಲ್ಲ!

ಘತ್ತರಗಿ: ಭೀಮಾ ದಂಡೆಯ ಈ ಊರಿಗೆ ಅಮಾವಾಸ್ಯೆ ಬಂತೆಂದರೆ ಭಾಗ್ಯವಂತಿ ತಾಯಿಯ ದರ್ಶನಕ್ಕೆ ಗಾಡಿ ಮೇಲೆ ಗಾಡಿ. ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಮಂದಿಯ ಜೊತೆಗೆ ಅಕ್ಕಲಕೋಟ, ಸೊಲ್ಲಾಪುರ ಕಡೆಯ ಮರಾಠಿ ಭಕ್ತರೂ ಬರುತ್ತಾರೆ. ದೇವಿಗೆ ಭಾಷೆಯ ಅಡ್ಡಿ ಇಲ್ಲ. ಅಡ್ಡಿ ಇರುವುದೆಲ್ಲ ಗುಡಿಯ ಹೊರಗೆ, ಅಂಗಡಿ ಸಾಲಿನಲ್ಲಿ ಮತ್ತು ಬಸ್ಸು ನಿಲ್ಲುವ ಜಾಗದಲ್ಲಿ.

ಮರಾಠಿ ಪುಸ್ತಕ ಹಿಡಿದು ಓದಿದವರಿಗೂ ಇಲ್ಲಿ ಫಜೀತಿ ತಪ್ಪಿದ್ದಲ್ಲ. ಪುಸ್ತಕದಾಗಿನ ಮಾತು ಬ್ಯಾರೆ, ಗಿರಾಕಿ ಬಾಯಾಗಿನ ಮಾತು ಬ್ಯಾರೆ. ಶಬ್ದದ ಅರ್ಥ ಗೊತ್ತಾದರೆ ಅರ್ಧ ಕಲಿತಂತೆ. ಅದನ್ನು ಯಾರಿಗೆ, ಯಾವಾಗ, ಹ್ಯಾಂಗ ಅನ್ನಬೇಕು ಅನ್ನುವುದು ಉಳಿದ ಅರ್ಧ. ವ್ಯಾಪಾರ ಕೂಡುವುದೂ ಕೆಡುವುದೂ ಈ ಎರಡನೇ ಅರ್ಧದಲ್ಲೇ.

ಸುಟ್ಟೆ ಅಂದವ ಏನೂ ಸುಟ್ಟಿಲ್ಲ

ಮೊದಲು ಕಿವಿಗೆ ಮೋಸ ಮಾಡುವ ಮಾತು ನೋಡ್ರಿ. ಗಿರಾಕಿ ದೊಡ್ಡ ನೋಟು ಹಿಡಿದು ‘ಸುಟ್ಟೆ ಪೈಸೆ ಆಹೇತ ಕಾ?’ ಅಂತಾನೆ. ಹೊಸಬನಿಗೆ ಇವನು ರೊಕ್ಕ ಸುಟ್ಟನೇ ಅನ್ನಿಸಬಹುದು. ಅವನು ಕೇಳುತ್ತಿರುವುದು ಚಿಲ್ಲರೆ! ಮುದುಕಿಯೊಬ್ಬಳು ಗಾಬರಿಯಿಂದ ‘ಗಾಡೀ ಗೇಲೀ ಕಾ?’ ಅಂದರೆ ಆಕೆ ಯಾರನ್ನೂ ಗೇಲಿ ಮಾಡುತ್ತಿಲ್ಲ, ಬಸ್ಸು ಹೋಯಿತೇನು ಅಂತ ಕೇಳುತ್ತಿದ್ದಾಳೆ. ರೇಟು ಹೇಳಿದ ಮೇಲೆ ಗಿರಾಕಿ ‘ಬರ, ಬರ’ ಅಂದರೆ ಬರಗಾಲದ ಸುದ್ದಿ ಅಲ್ಲ. ‘ಆಯ್ತು, ಆಗಲಿ’ ಅಂದಂಗ. ಮಳೆಗೆ ಮುಗಿಲು ನೋಡುವ ನಮ್ಮ ತಾಲೂಕಿನವರ ಎದೆ ಆ ಶಬ್ದಕ್ಕೆ ಒಮ್ಮೆ ಝಲ್ ಅಂದರೆ ಅದು ನಮ್ಮ ತಪ್ಪಲ್ಲ.

ಹಾಗೆಯೇ ‘ತಾಈ’. ನಮಗೆ ತಾಯಿ ಅಂದರೆ ಹಡೆದವಳು, ಅವರಿಗೆ ತಾಈ ಅಂದರೆ ಅಕ್ಕ. ಬಳೆ ಅಂಗಡಿಯಾಕೆಯನ್ನು ಆಕೆಗಿಂತ ಹಿರಿಯಳೊಬ್ಬಳು ‘ತಾಈ’ ಅಂತ ಕರೆದರೆ ಗಾಬರಿ ಬ್ಯಾಡ. ಮರ್ಯಾದೆ ಕೊಟ್ಟಿದ್ದು ಅಂತ ತಿಳೀರಿ.

ನಮ್ಮ ‘ರಿ’ಗೆ ಅವರ ‘ಆ’

ಈಗ ಮುಖ್ಯ ಪಾಠ. ಕಲಬುರಗಿ ಕಡೆ ‘ಬಾ’ ಮತ್ತು ‘ಬರ್ರಿ’ ನಡುವಿನ ಅಂತರ ಕೂಸಿಗೂ ಗೊತ್ತು. ಮರಾಠಿಯಲ್ಲಿ ಆ ಕೆಲಸವನ್ನು ಹೆಚ್ಚಾಗಿ ಕೊನೆಯ ‘ಆ’ ಸ್ವರ ಮಾಡುತ್ತದೆ. ‘ಯೇ’ ಅಂದರೆ ಬಾ, ‘ಯಾ’ ಅಂದರೆ ಬರ್ರಿ. ‘ಬಸ’ ಅಂದರೆ ಕುಂದ್ರು, ‘ಬಸಾ’ ಅಂದರೆ ಕುಂದರ್ರಿ. ‘ಘೇ’ ತಗೋ, ‘ಘ್ಯಾ’ ತಗೋರಿ. ‘ದೇ’ ಕೊಡು, ‘ದ್ಯಾ’ ಕೊಡ್ರಿ. ‘ಥಾಂಬ’ ನಿಲ್ಲು, ‘ಥಾಂಬಾ’ ನಿಲ್ರಿ.

ಫಜೀತಿ ಎಲ್ಲಿ ಅಂದ್ರ, ಕೇಳಿ ಕಲಿಯುವವನ ಕಿವಿಗೆ ಮೊದಲು ಬೀಳುವುದು ಗಿರಾಕಿ ತನ್ನ ಮಗನಿಗೆ ಅನ್ನುವ ಮಾತು. ‘ಬಸ’, ‘ಘೇ’, ‘ಕಾಯ ರೇ’. ಇದೇ ಮರಾಠಿ ಅಂತ ತಿಳಿದು ಮರುದಿನ ಅದನ್ನೇ ಎಪ್ಪತ್ತು ವರ್ಷದ ಹಿರಿಯರಿಗೆ ಎಸೆದರೆ ಏನಾಗಬೇಕು? ಮಾಲು ಎಷ್ಟೇ ಚೊಲೊ ಇರಲಿ, ಅವರು ಮುಂದಿನ ಅಂಗಡಿಗೆ ನಡೆದಂತೆಯೇ. ಬೈದೂ ಹೋಗುವುದಿಲ್ಲ, ಹಾಗಾಗಿ ಅಂಗಡಿಯವನಿಗೆ ಕಾರಣವೂ ತಿಳಿಯುವುದಿಲ್ಲ.

ಕರೆಯುವುದಕ್ಕೂ ಹೀಗೇ. ‘ಅರೇ’ ಸಲಿಗೆಯ ಮಾತು, ‘ಅಹೋ’ ಮರ್ಯಾದೆಯದು. ನಮ್ಮ ಹೆಣ್ಣುಮಕ್ಕಳು ಗಂಡನಿಗೆ ‘ರೀ’ ಅಂದ ಹಾಗೆ ಅಲ್ಲಿಯವರು ‘ಅಹೋ’ ಅಂತಾರೆ. ಅಪರಿಚಿತರನ್ನು ಕರೆಯಲಿಕ್ಕೂ ಅದೇ ನಡೆಯುತ್ತದೆ. ವಯಸ್ಸಾದ ಹೆಣ್ಣುಮಗಳಿಗೆ ‘ಮಾವಶಿ’ ಅಥವಾ ‘ಆಜಿ’, ಗಂಡಸರಿಗೆ ‘ಕಾಕಾ’ ಅಥವಾ ‘ದಾದಾ’ ಅಂದರೆ ಸಾಕು. ಇವುಗಳಲ್ಲಿ ಅರ್ಧ ನಮ್ಮ ಮನೆಗಳಲ್ಲೇ ಓಡಾಡುವ ಮಾತು. ಅವರ ‘ವಹಿನಿ’ ನಮ್ಮಲ್ಲಿ ‘ವೈನಿ’ ಆಗಿ ಎಷ್ಟೋ ಕಾಲವಾಯಿತು.

ಓಟಿ ಅಂದರೆ ಉಡಿ

ಗುಡಿ ಮುಂದಿನ ಅಂಗಡಿಯವರು ಮರೆಯಬಾರದ ಶಬ್ದ ‘ಓಟಿ’. ನಾವು ದೇವಿಗೆ ಉಡಿ ತುಂಬುತ್ತೇವೆ, ಅವರು ಓಟಿ ಭರಿಸುತ್ತಾರೆ. ಖಣ ಇಬ್ಬರಿಗೂ ಖಣವೇ. ಕಾಯಿಗೆ ‘ನಾರಳ’, ಹಸಿರು ಬಳೆಗೆ ‘ಹಿರವಾ ಚುಡಾ’. ‘ಕಿತೀಲಾ?’ ಅಂದರೆ ಎಷ್ಟಕ್ಕೆ, ‘ಕಮೀ ಕರಾ’ ಅಂದರೆ ಕಮ್ಮಿ ಮಾಡ್ರಿ. ‘ಪರವಡತ ನಾಹೀ’ ಅಂತ ನೀವು ನಗುತ್ತಾ ಅಂದರೆ ‘ನಮಗ ಗಿಟ್ಟಂಗಿಲ್ರಿ’ ಅಂದಂಗ. ಸಿಡುಕಿ ಅಂದರೆ ಜಗಳ. ‘ನಕೋ’ ಅಂದರೆ ಬ್ಯಾಡ. ಇದನ್ನು ಕಲಿಸಬೇಕಾಗಿಲ್ಲ, ನಮ್ಮ ದಖನಿ ಮಾತಾಡುವವರ ‘ನಕ್ಕೋ’ ದಿನಾ ಕೇಳುತ್ತೇವೆ.

ವ್ಯಾಪಾರ ಮುಗಿಸಿ ಹೊರಟ ಗಂಡಸು ‘ಯೇತೋ’ ಅಂತಾನೆ, ಹೆಣ್ಣುಮಗಳು ‘ಯೇತೇ’ ಅಂತಾಳೆ. ‘ಬರತೀನಿ’ ಅಂತ ಅರ್ಥ. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು ಅನ್ನುವ ನಂಬಿಕೆ ನಮ್ಮದೂ ಅದ, ಅವರದೂ ಅದ. ಉತ್ತರವಾಗಿ ‘ಪುನ್ಹಾ ಯಾ’, ಮತ್ತ ಬರ್ರಿ, ಅಂದರೆ ಖರ್ಚಿಲ್ಲದ ಜಾಹೀರಾತು.

ಡೆನ್ಮಾರ್ಕಿನಲ್ಲೂ ಇದೇ ಪಾಠ

ಇದು ಘತ್ತರಗಿ ಒಂದರ ಪಂಚಾಯಿತಿ ಅಲ್ಲ. ನಮ್ಮ ಕಡೆಯ ಹುಡುಗ ನೌಕರಿಗೆಂದು ಯುರೋಪಿನ ಡೆನ್ಮಾರ್ಕಿಗೆ ಹೋದ ಅಂತ ತಿಳೀರಿ. ಅಲ್ಲಿ ‘ರಿ’ ಹುಡುಕಿದರೆ ಸಿಗದು. ದೊಡ್ಡ ಸಾಹೇಬರಿಗೂ ಮಾಸ್ತರರಿಗೂ ‘ದು’, ಅಂದರೆ ‘ನೀ’! ಮೊದಲು ಬಹುವಚನದ ಸಂಬೋಧನೆ ಇತ್ತು. ೧೯೭೦ರ ದಶಕದ ಹೊತ್ತಿಗೆ ದಿನದ ಮಾತಿನಿಂದ ಅದು ಹಿಂದೆ ಸರಿಯಿತು. ಬಂದಾಗ ‘ಹೈ’, ಹೋಗುವಾಗ ‘ಹೈ ಹೈ’. ‘ದಯವಿಟ್ಟು’ ಅನ್ನಲಿಕ್ಕೆ ಅಲ್ಲಿ ಸರಳವಾದ ಒಂದೇ ಶಬ್ದವಿಲ್ಲ. ‘ಒಂದು ಕಾಫಿ’ ಅಂತ ಕೇಳಿ ಕೊನೆಗೆ ‘ತಾಕ್’ ಸೇರಿಸುತ್ತಾರೆ, ಅಂದರೆ ಧನ್ಯವಾದ. ಉಂಡೆದ್ದ ಮೇಲೂ ತಾಕ್. ಹಿಂದೆ ಕೂಡಿ ಕಾಲ ಕಳೆದವರು ಮತ್ತೆ ಸಿಕ್ಕರೆ ಹೋದ ಸಲದ್ದಕ್ಕೂ ತಾಕ್!

ನಗಬ್ಯಾಡ್ರಿ. ನಾವಾದರೂ ಹೋಟೆಲಿನಲ್ಲಿ ‘ದಯವಿಟ್ಟು ಚಹಾ ಕೊಡಿ’ ಅಂತ ಎಂದು ಅಂದೇವು? ‘ಒಂದ್ ಚಾ ಕೊಡ್ರಿ’ ಅಂತೀವಿ. ದಯವಿಟ್ಟು ಅನ್ನುವುದು ಆ ‘ರಿ’ಯೊಳಗೇ ಅದ.

ಕೊಡು-ಕೊಳ್ಳು ಎರಡೂ ಇರಲಿ

‘ನಮ್ಮ ನೆಲದಾಗ ನಾವ್ಯಾಕ ಅವರ ಮಾತು ಕಲೀಬೇಕು?’ ಅಂತ ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ತಪ್ಪಿಲ್ಲ. ೧೯೪೮ರವರೆಗೆ ಈ ಜಿಲ್ಲೆ ನಿಜಾಮರ ಆಳಿಕೆಯಲ್ಲಿತ್ತು, ಕಚೇರಿ ಭಾಷೆ ಉರ್ದು. ೧೯೫೬ರ ನವೆಂಬರ್ ೧ರಂದು ಕನ್ನಡ ರಾಜ್ಯ ಸೇರಿದೆವು. ನಮ್ಮ ಮಾತಿಗೆ ಕಚೇರಿಯಲ್ಲಿ ಜಾಗ ಸಿಕ್ಕಿದ್ದೇ ತಡವಾಗಿ. ಅದನ್ನು ಬಿಟ್ಟುಕೊಡಿ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಬಂದವರಿಗೆ ‘ಯಾ, ಬಸಾ’ ಅನ್ನೋಣ, ಕಾಯಿ ಕೊಡುವಾಗ ‘ತೆಂಗಿನಕಾಯಿ’ ಅಂತಲೂ ಹೇಳಿಕೊಡೋಣ. ಉಡಿ, ಬಳಿ, ಚಿಲ್ಲರ, ಬರತೀನ್ರಿ ಎಂಬ ನಾಲ್ಕು ಶಬ್ದ ಹೊತ್ತು ಅವರು ಸೊಲ್ಲಾಪುರಕ್ಕೆ ಹೋದರೆ ಕನ್ನಡಕ್ಕೆ ಲಾಭವೇ. ಪಂಢರಪುರ ದಾಟಿ ಬರುವ ಭೀಮೆಯ ನೀರನ್ನು ಎರಡೂ ಕಡೆಯವರು ಕುಡಿಯುತ್ತೇವೆ.

ಇನ್ನು ಬಸ್ಸಿನ ಮಾತು. ಅಂಗಡಿಯಲ್ಲಿ ಮಾತು ತಿಳಿಯದಿದ್ದರೆ ಹತ್ತಿಪ್ಪತ್ತು ರೂಪಾಯಿಯ ನಷ್ಟ. ಕಡೆಯ ಬಸ್ಸಿನ ಹೊತ್ತಿಗೆ ತಿಳಿಯದಿದ್ದರೆ ಊರು ಗೊತ್ತಿಲ್ಲದ ಮುದುಕಿ ರಾತ್ರಿಯೆಲ್ಲ ಗಂಟು ತಬ್ಬಿಕೊಂಡು ಕೂಡಬೇಕು. ‘ಶೇವಟಚೀ ಗಾಡೀ’ ಅಂದರೆ ಕಡೇ ಬಸ್ಸು, ‘ಕಧೀ’ ಅಂದರೆ ಯಾವಾಗ, ‘ಆತಾ’ ಅಂದರೆ ಈಗ, ‘ಉದ್ಯಾ’ ಅಂದರೆ ನಾಳೆ. ದಿನಾ ಓಡಾಡುವ ಪ್ರಯಾಣಿಕರು ಈ ನಾಲ್ಕು ಮಾತು ನೆನಪಿಟ್ಟರೆ ಒಬ್ಬ ಆಜಿ ಮನೆ ಮುಟ್ಟುತ್ತಾಳೆ.

ಸಾರಿಗೆ ಸಂಸ್ಥೆಯವರೂ ದೇವಸ್ಥಾನದವರೂ ಕೂಡಿ, ಅಮಾವಾಸ್ಯೆ ಮತ್ತು ಜಾತ್ರೆಯ ದಿನಗಳಲ್ಲಾದರೂ, ಕಡೆಯ ಬಸ್ಸಿನ ವೇಳೆಯನ್ನು ಕನ್ನಡದ ಕೆಳಗೆ ಮರಾಠಿಯಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಿ, ಧ್ವನಿವರ್ಧಕದಲ್ಲಿ ಎರಡು ಸಲ ಕೂಗಿಸಬೇಕು. ಒಂದು ಹಲಗೆ, ಒಂದು ಡಬ್ಬಿ ಬಣ್ಣ, ಎರಡು ನಿಮಿಷದ ಕೂಗು. ಸಂಬಂಧಪಟ್ಟವರು ಇತ್ತ ಲಕ್ಷ್ಯ ಕೊಡುವರೇ?