ಹಂಡೆ ಒಲೆಯಲ್ಲಿ ಸೌದೆಯ ಉಳಿತಾಯ



ಈಗ ಬಹಳ ಮನೆಗಳಲ್ಲಿ ಅಡುಗೆಗೆ ಗ್ಯಾಸು ಬಂದಿದೆ. ಆದರೂ ಬಚ್ಚಲ ಒಲೆಗೆ ಸೌದೆಯೇ ಬೇಕು. ದಿನಕ್ಕೆ ಎಷ್ಟು ಸೌದೆ ಎಂದು ಕೇಳಿದರೆ, "ಅದಕ್ಕೇನು ಲೆಕ್ಕ ಸ್ವಾಮಿ, ಸಿಕ್ಕಿದ್ದು ತುರುಕೋದು" ಎಂಬ ಉತ್ತರ ಬರುತ್ತದೆ. ಆ ಲೆಕ್ಕವನ್ನು ಈ ದಿನ ಹಾಕಿ ನೋಡೋಣ.

ಐದು ಜನರ ಮನೆ. ತಲೆಗೆ ೧೫ ಲೀಟರಿನಂತೆ ೭೫ ಲೀಟರು ನೀರು. ಚಳಿಗಾಲದಲ್ಲಿ ತೊಟ್ಟಿಯ ನೀರು ೨೦ ಡಿಗ್ರಿ ಇದೆಯೆನ್ನಿ. ಮೈಗೆ ಹಿತವಾಗಲು ೪೦ ಡಿಗ್ರಿ ಸಾಕು. ಒಂದು ಲೀಟರು ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲೊರಿ ಶಾಖ ಬೇಕು. ಒಟ್ಟು ೧೫೦೦ ಆಯಿತು. ಒಂದು ಕಿಲೊ ಒಣಸೌದೆಯಲ್ಲಿ ಸುಮಾರು ೩೫೦೦ ಇದೆ. ಹಾಗಾದರೆ ಅರ್ಧ ಕಿಲೊ ಸೌದೆಯೂ ಬೇಡ! ಆದರೆ ಉರಿಯುವುದು ಮೂರು ನಾಲ್ಕು ಕಿಲೊ. ತಿಂಗಳಿಗೆ ಸುಮಾರು ಒಂದು ಕ್ವಿಂಟಲ್. ಏಕೆಂದರೆ ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಶಾಖ ಮಾತ್ರ ನೀರಿಗೆ ಸೇರುತ್ತದೆ. ಉಳಿದದ್ದು ಗಾಳಿಪಾಲು. ಆ ಸೌದೆಯನ್ನು ಹೊತ್ತು ತರುವವರು ಯಾರು, ಹೊಗೆ ಕುಡಿಯುವವರು ಯಾರು ಎಂಬುದನ್ನು ಮನೆಯ ಗಂಡಸರು ಕೊಂಚ ಯೋಚಿಸಬೇಕು.

ಮೊದಲನೆಯ ನಷ್ಟ ಹಸಿ ಸೌದೆಯಿಂದ. ಆಗ ತಾನೇ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಒಂದು ಕಿಲೊ ನೀರನ್ನು ಆವಿ ಮಾಡಲು ೬೦೦ಕ್ಕೂ ಮೇಲ್ಪಟ್ಟು ಕಿಲೊಕ್ಯಾಲೊರಿ ಖರ್ಚು. ನಿಮ್ಮ ಹಂಡೆಗೆ ಮುಂಚೆ ಸೌದೆಯೊಳಗಿನ ನೀರು ಕಾಯಬೇಕು, ನೋಡಿ. ಬೇಸಿಗೆಯಲ್ಲೇ ಸೀಳಿ, ಮಳೆ ತಾಗದ ಕಡೆ ಒಟ್ಟಿಡಿ. ತೆಂಗಿನ ಮಟ್ಟೆ, ಕರಟ, ತೊಗರಿ ಕಡ್ಡಿ, ಹತ್ತಿ ಕಡ್ಡಿ ಎಲ್ಲವೂ ಒಣಗಿದ್ದರೆ ಒಳ್ಳೆಯ ಉರುವಲೇ. ಬೆರಣಿ ಮಾತ್ರ ಬೇಡವೆಂದು ನನ್ನ ಅಭಿಪ್ರಾಯ. ಸಗಣಿಯ ಜಾಗ ಗೊಬ್ಬರದ ಗುಂಡಿ.

ಎರಡನೆಯದು ಒಲೆಯ ಕಟ್ಟೋಣ. ಹಂಡೆ ಒಲೆಯ ಮೇಲೆ ಕೂತರೆ ಸಾಲದು, ಒಲೆಯೊಳಗೆ ಇಳಿದು ಕೂರಬೇಕು. ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ ಸುತ್ತಲೂ ಗೋಡೆ ಎಬ್ಬಿಸಿ. ಗೋಡೆಗೂ ಹಂಡೆಗೂ ನಡುವೆ ಒಂದು ಬೆರಳಷ್ಟು ಸಂದು ಸಾಕು. ಬಿಸಿ ಹೊಗೆ ಆ ಸಂದಿನಲ್ಲಿ ಹಂಡೆಯನ್ನು ಸವರಿಕೊಂಡೇ ಮೇಲೇರಬೇಕು. ಹಂಡೆಯ ತಳದಿಂದ ಸುಮಾರು ಒಂದು ಗೇಣು ಕೆಳಗೆ ಕಬ್ಬಿಣದ ಸರಳುಗಳನ್ನು ಜೋಡಿಸಿ, ಅದರ ಮೇಲೆ ಸೌದೆ ಇಡಿ. ಅಡಿಯಿಂದ ಗಾಳಿ ಆಡಿದರೆ ಕೆಂಡ ಪೂರ್ತಿ ಉರಿಯುತ್ತದೆ, ಊದುವ ಕಷ್ಟವೂ ತಪ್ಪುತ್ತದೆ. ಬಾಯಿಗೆ ಎದುರಾಗಿ, ಮೇಲುಗಡೆ ಹೊಗೆಕೊಳವೆ ಇರಲಿ. ಕೊಳವೆ ತೀರ ದೊಡ್ಡದಾದರೆ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರಾರಂಭವಾದ 'ಅಸ್ತ್ರ' ವಿಭಾಗದವರು ರೂಪಿಸಿದ ಅಸ್ತ್ರ ಒಲೆಯಲ್ಲೂ ಮುಚ್ಚಿದ ಉರಿಗೂಡು, ಜಾಲರಿ, ಹೊಗೆಕೊಳವೆ ಇವೇ ಮುಖ್ಯ. ನೀರಿಗೆ ಸೇರುವ ಶಾಖ ಎರಡರಷ್ಟಾದರೆ ಸೌದೆ ಅರ್ಧಕ್ಕೆ ಇಳಿಯಿತೆಂದೇ ಅರ್ಥ.

ಹಂಡೆಗೆ ಮುಚ್ಚಳ ಹಾಕಬೇಕೆಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ತಟ್ಟೆ ಓರೆಯಾಗಿ ಇಟ್ಟರೆ ಅದು ಮುಚ್ಚಳವಲ್ಲ. ಕೊಳವೆಬಾವಿಯ ಗಡುಸು ನೀರಾದರೆ ಒಳಗೆ ಕಟ್ಟುವ ಸುಣ್ಣದ ಪದರವನ್ನೂ ಆಗಾಗ ಕೆರೆದು ತೆಗೆಯಿರಿ.

ಇನ್ನು ಬಿಸಿಲು. ಹೊರಗೆ ಕರಿಬಣ್ಣ ಬಳಿದ ತಗಡಿನ ಡಬ್ಬ ಅಥವಾ ಡ್ರಮ್ಮಿಗೆ ಬೆಳಿಗ್ಗೆಯೇ ನೀರು ತುಂಬಿ, ಮುಚ್ಚಿ, ಗಾಳಿ ಬಡಿಯದ ಬಿಸಿಲಲ್ಲಿ ಇಡಿ. ನೀರು ೨೦ರಿಂದ ೩೦ ಡಿಗ್ರಿಗೆ ಏರಿತೋ, ಅರ್ಧ ಕೆಲಸ ಬಿಟ್ಟಿಯಾಗಿ ಮುಗಿಯಿತು. ಗದ್ದೆಯಿಂದ ಬಂದವರು ಸಂಜೆ ಸ್ನಾನ ಮಾಡುವ ಮನೆಗೆ ಇದು ಹೇಳಿ ಮಾಡಿಸಿದ್ದು.

ಕರೆಂಟಿನ ಕಾಯಿಲ್ ಇಟ್ಟುಕೊಂಡವರಿಗೂ ಒಂದು ಮಾತು. ಒಂದು ಯೂನಿಟ್ಟಿಗೆ ೮೬೦ ಕಿಲೊಕ್ಯಾಲೊರಿ. ಅದೇ ೭೫ ಲೀಟರಿಗೆ ಹತ್ತಿರ ಹತ್ತಿರ ಎರಡು ಯೂನಿಟ್ಟು. ಲೋಹದ ಬಕೆಟ್ಟು ಬೇಡ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಬೆಳಿಗ್ಗೆಯೇ ಸ್ನಾನ ಆಗಬೇಕು ಎನ್ನುವವರು, ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯಲ್ಲಿ ಉಳಿದ ಕೆಂಡದ ಮೇಲೆ ಕೊಡದಲ್ಲಿ ನೀರಿಡಿ. ಮಲಗುವ ಮುಂಚೆ ಅದನ್ನು ಇಳಿಸಿ ದೊಡ್ಡ ಬಿದಿರು ಬುಟ್ಟಿಯೊಳಗೆ ಕೂರಿಸಿ, ಸುತ್ತಲೂ ಅಡಿಗೂ ಒಣಹುಲ್ಲನ್ನು ಒಂದು ಗೇಣು ದಪ್ಪ ಒತ್ತಿ, ಬಾಯಿ ಮುಚ್ಚಿ ಗೋಣಿಚೀಲ ಹೊದಿಸಿ. ಹುಲ್ಲಿನ ನಡುವೆ ಸಿಕ್ಕಿದ ಗಾಳಿ ಶಾಖವನ್ನು ಸುಲಭವಾಗಿ ಬಿಡುವುದಿಲ್ಲ. ಬುಟ್ಟಿ ಬೆಂಕಿಯಿಂದ ದೂರವಿರಲಿ. ಹುಲ್ಲು ತೋಯ್ದರೆ ಕೆಲಸಕ್ಕೆ ಬಾರದು. ಬಿಸಿಲಿಗೆ ಹರವಿ, ಒಣಗಿಸಿ, ಮತ್ತೆ ತುಂಬಿಕೊಳ್ಳಿ.